ಅತ್ತೂರಿನ ಇಗರ್ಜಿ: ನೆಲ, ನೀರು, ಕಟ್ಟಡ



ಕಾರ್ಕಳ ಎಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವುದು ಬಂಡೆಯ ಮೇಲೆ ನಿಂತ ಗೊಮ್ಮಟ. 1432ರಲ್ಲಿ ಪ್ರತಿಷ್ಠೆಗೊಂಡ 42 ಅಡಿಯ ಆ ಮೂರ್ತಿ, ಅದರ ಎದುರಿಗೆ 1586ರ ಚತುರ್ಮುಖ ಬಸದಿ, ಪೇಟೆಯಲ್ಲಿ ವೆಂಕಟರಮಣ ಮತ್ತು ಅನಂತಶಯನ ದೇವಸ್ಥಾನಗಳು. ಇವುಗಳ ಬಗ್ಗೆ ಶಾಸನಗಳಿವೆ, ಗ್ರಂಥಗಳಿವೆ, ಇಂಥ ವೇದಿಕೆಗಳಲ್ಲಿ ಹಲವು ಉಪನ್ಯಾಸಗಳೂ ಆಗಿವೆ. ಅದೇ ಕಾರ್ಕಳದಿಂದ ನಿಟ್ಟೆಯ ಕಡೆಗೆ ಕೆಲವೇ ಕಿಲೋಮೀಟರು ಹೋದರೆ ಪರ್ಪಲೆ ಗುಡ್ಡದ ಬದಿಯಲ್ಲಿ ಅತ್ತೂರು ಎಂಬ ಹಳ್ಳಿ ಸಿಗುತ್ತದೆ. ಅಲ್ಲಿನ ಸಂತ ಲಾರೆನ್ಸರ ಇಗರ್ಜಿಗೆ ಪ್ರತಿ ಜನವರಿಯಲ್ಲಿ ಲಕ್ಷಾಂತರ ಜನ ಹೋಗುತ್ತಾರೆ. ಆದರೆ ಆ ಇಗರ್ಜಿಯನ್ನು ಒಂದು ಕಟ್ಟಡವಾಗಿ, ನಮ್ಮ ನಾಡಿನ ನಿರ್ಮಾಣ ಪರಂಪರೆಯ ಒಂದು ಭಾಗವಾಗಿ ನಾವು ಸಾಕಷ್ಟು ಓದಿಲ್ಲ. ಇಂದಿನ ದತ್ತಿ ಉಪನ್ಯಾಸಕ್ಕೆ ಅದನ್ನೇ ಆರಿಸಿಕೊಂಡಿದ್ದೇನೆ.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಅತ್ತೂರಿನ ಇಗರ್ಜಿ ಹುಟ್ಟಿದ, ನಾಶವಾದ, ಮತ್ತೆ ಹುಟ್ಟಿದ ಚರಿತ್ರೆ. ಆಮೇಲೆ ಕರಾವಳಿಯ ಇಗರ್ಜಿಗಳನ್ನು ಕಟ್ಟಿದ ಕಲ್ಲು, ಸುಣ್ಣ, ಮರ, ಹೆಂಚು. ಅದರ ಹಿಂದೆಯೇ ಒಳಗಿನ ವಿನ್ಯಾಸ. ಕೊನೆಗೆ ಅಂಗಳ, ಕೆರೆ ಮತ್ತು ಜಾತ್ರೆ. ನನ್ನ ಪ್ರತಿಪಾದನೆ ಇಷ್ಟು: ಅತ್ತೂರಿನಲ್ಲಿ ಕಟ್ಟಡ ಮತ್ತೆ ಮತ್ತೆ ಬದಲಾಗಿದೆ, 1801ರಿಂದ ಈಚೆಗೆ ಬದಲಾಗದೆ ಉಳಿದದ್ದು ಜಾಗ. ಆ ಜಾಗವನ್ನು ರೂಪಿಸಿದವರಲ್ಲಿ ಅಲ್ಲಿನ ಕಥೊಲಿಕ ಕುಟುಂಬಗಳಷ್ಟೇ ಅಲ್ಲ, ಆ ಧರ್ಮಕೇಂದ್ರಕ್ಕೆ ಸೇರದ ಅಸಂಖ್ಯಾತ ಭಕ್ತರೂ ಇದ್ದಾರೆ.

ಚರಿತ್ರೆಯಿಂದ ಆರಂಭಿಸೋಣ.

ಕರಾವಳಿಯ ಕೊಂಕಣಿ ಕಥೊಲಿಕರು ಬಹುಪಾಲು ಗೋವಾದಿಂದ ಬಂದವರು. 1560ರಲ್ಲಿ ಗೋವಾದಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಭಯ, ತೆರಿಗೆಯ ಭಾರ, ಬರ, ಸಾಂಕ್ರಾಮಿಕ ರೋಗ, ಆಮೇಲೆ ಮರಾಠರ ದಂಡಯಾತ್ರೆಗಳು – ಇವೆಲ್ಲ ಸೇರಿ ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗೆ ಅಲೆ ಅಲೆಯಾಗಿ ಜನರನ್ನು ದಕ್ಷಿಣಕ್ಕೆ ತಳ್ಳಿದವು. ಇಲ್ಲಿ ಅವರನ್ನು ಬರಮಾಡಿಕೊಂಡದ್ದು ಕೆಳದಿಯ ಆಳ್ವಿಕೆ. ಬೇಸಾಯ ಬಲ್ಲ ಕೈಗಳು ಕೆಳದಿಯವರಿಗೆ ಬೇಕಿದ್ದವು, ನೆಲ ಬಂದವರಿಗೆ ಬೇಕಿತ್ತು. ಉಡುಪಿಯ ಸಮೀಪದ ಕಲ್ಯಾಣಪುರದಲ್ಲಿ ಮಿಲಾಗ್ರಿಸ್ ಇಗರ್ಜಿ ಸ್ಥಾಪನೆಯಾದ 1678 ರಾಣಿ ಚೆನ್ನಮ್ಮಾಜಿಯ ಕಾಲ. ಕೋಟೆಕೊತ್ತಲಗಳ ಕದನದಲ್ಲೇ ನಾವು ನೆನೆಯುವ ಆ ರಾಣಿ, ತನ್ನ ನಾಡಿನಲ್ಲಿ ಪರಧರ್ಮದ ಪ್ರಾರ್ಥನಾಲಯಗಳಿಗೂ ಎಡೆ ಕೊಟ್ಟವಳು ಎಂಬುದನ್ನು ಇಲ್ಲಿ ಗೌರವದಿಂದ ಸ್ಮರಿಸಬೇಕು.

ಕಾರ್ಕಳದ ಸೀಮೆಗೆ ಇಗರ್ಜಿ ಬಂದದ್ದು ಸ್ವಲ್ಪ ತಡವಾಗಿ, 1759ರಲ್ಲಿ. ಘಟ್ಟದ ಬುಡದ ಈ ಭಾಗ ಬಂದರುಗಳಿಂದ ದೂರ. ಗಂಗೊಳ್ಳಿ, ಕಲ್ಯಾಣಪುರಗಳಂತೆ ಪೋರ್ತುಗೀಸರ ವ್ಯಾಪಾರದ ನೆರಳು ಇಲ್ಲಿಗೆ ಚಾಚಿರಲಿಲ್ಲ. ಇಲ್ಲಿ ನೆಲೆಯಾದವರು ಗದ್ದೆ ತೋಟ ಮಾಡಿಕೊಂಡಿದ್ದ ಒಕ್ಕಲುಗಳು. ಅವರು ಕಟ್ಟಿಕೊಂಡದ್ದು ಒಂದು ಸರಳ ಪ್ರಾರ್ಥನಾಲಯ, ಅದು ಇದ್ದದ್ದು ಈಗಿನ ಜಾಗದಲ್ಲಲ್ಲ.

ಅದಾದ ಇಪ್ಪತ್ತೈದು ವರ್ಷಗಳಲ್ಲಿ ದೊಡ್ಡ ಆಘಾತ ಬಂತು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದ ಕಾಲದಲ್ಲಿ ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂದು ಟಿಪ್ಪು ಸುಲ್ತಾನ್ ನಂಬಿದ. 1784ರ ಬೂದಿ ಬುಧವಾರದಂದು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು ಎಂಬುದು ಸಮುದಾಯದ ನೆನಪಿನಲ್ಲಿ ಅಚ್ಚೊತ್ತಿ ನಿಂತಿದೆ. ಇಗರ್ಜಿಗಳನ್ನು ಕೆಡವಲಾಯಿತು. ನಾಶವಾದ ಇಗರ್ಜಿಗಳ ಪಟ್ಟಿಯಲ್ಲಿ ಕಾರ್ಕಳದ ಸಂತ ಲಾರೆನ್ಸರ ಹೆಸರಿದೆ. ಅದೇ ವೇಳೆ ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿ ಉಳಿಯಿತು, ಉಳಿದದ್ದು ಮೂಡುಬಿದಿರೆಯ ಚೌಟ ಅರಸನ ಮಧ್ಯಸ್ಥಿಕೆಯಿಂದ. ಒಬ್ಬ ಜೈನ ಅರಸ ತನ್ನ ಸೀಮೆಯ ಒಂದು ಇಗರ್ಜಿಯನ್ನು ಕಾಪಾಡಿದ. 1784ನ್ನು ನೆನೆಯುವಾಗ ಸೆರೆಯ ಸಂಕಟದ ಜೊತೆಗೆ ಈ ನಡೆಯನ್ನೂ ಹೇಳದೆ ಹೋದರೆ ಚರಿತ್ರೆ ಅರೆಯಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಬದುಕುಳಿದವರು ಘಟ್ಟ ಇಳಿದು ಹಿಂದಿರುಗಿದರು. ಹದಿನೈದು ವರ್ಷಗಳಲ್ಲಿ ಗದ್ದೆಗಳು ಕೈಬದಲಾಗಿದ್ದವು, ಮನೆಗಳು ಬಿದ್ದಿದ್ದವು. ಇಗರ್ಜಿಗೆ ಹೊಸ ಜಾಗ ಹುಡುಕಬೇಕಾಯಿತು. ಅತ್ತೂರಿನ ಐತಿಹ್ಯ ಹುಟ್ಟುವುದು ಈ ಹುಡುಕಾಟದಲ್ಲಿ. ಸಂತ ಲಾರೆನ್ಸರ ಸುಮಾರು ಒಂದು ಅಡಿ ಎತ್ತರದ ಮರದ ಪ್ರತಿಮೆಯನ್ನು ಹೊತ್ತು ಭಕ್ತರು ಗುಡ್ಡ ಇಳಿದು ಬರುತ್ತಿದ್ದರಂತೆ. ದಾರಿಯಲ್ಲಿ ಒಂದು ಒರತೆ ಕಂಡಿತು. ಪ್ರತಿಮೆಯನ್ನು ನೆಲಕ್ಕಿಟ್ಟು ನೀರು ಕುಡಿದರು. ಮತ್ತೆ ಎತ್ತಹೋದಾಗ ಪ್ರತಿಮೆ ಕದಲಲಿಲ್ಲ. ಸಂತರು ಇಲ್ಲೇ ನೆಲಸಲು ಮನಸ್ಸು ಮಾಡಿದ್ದಾರೆಂದು ತಿಳಿದು, ಅಲ್ಲೇ ಇಗರ್ಜಿ ಕಟ್ಟಿದರು. ಅದು 1801.

ಈ ಐತಿಹ್ಯವನ್ನು ಕೇಳುವಾಗ ತುಳುನಾಡಿನ ಯಾರಿಗೂ ಅದು ಅಪರಿಚಿತ ಅನ್ನಿಸುವುದಿಲ್ಲ. ಇಳಿಸಿದ ಮೂರ್ತಿ ಏಳದೆ ಅಲ್ಲೇ ನೆಲೆಯಾದ ಕಥೆಗಳು ನಮ್ಮ ದೇವಸ್ಥಾನಗಳಿಗಿವೆ, ದೈವಸ್ಥಾನಗಳಿಗಿವೆ. ಗೋವಾದಿಂದ ಬಂದು, ಶ್ರೀರಂಗಪಟ್ಟಣಕ್ಕೆ ಹೋಗಿ, ಮತ್ತೆ ಮರಳಿದ ಒಂದು ಸಮುದಾಯ ತನ್ನ ಪುನಃಸ್ಥಾಪನೆಯನ್ನು ಈ ನೆಲದ ಕಥನಕ್ರಮದಲ್ಲೇ ಹೇಳಿಕೊಂಡಿತು. ಆ ಜನ ಇಲ್ಲಿಯವರೇ ಆಗಿಹೋಗಿದ್ದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಬೇಕಿಲ್ಲ. ಇಗರ್ಜಿಯ ಸ್ಥಳವನ್ನು ನಿರ್ಧರಿಸಿದ್ದು ನೀರು ಎಂಬುದನ್ನೂ ನೀವು ಗಮನಿಸಬೇಕು. ಆ ಒರತೆಯೇ ಇಂದಿನ ಪುಷ್ಕರಿಣಿ. ಅದರ ಮಾತಿಗೆ ಆಮೇಲೆ ಬರುತ್ತೇನೆ.

1801ರ ಕಟ್ಟಡ ಮಣ್ಣಿನ ಗೋಡೆ, ಹುಲ್ಲಿನ ಮಾಡಿನದು. ಅದರ ನಂತರದ್ದು 1839ರದು. ಅದೂ ಸಾಲದಾದಾಗ ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಮತ್ತೊಂದು ಕಟ್ಟಡ ಎದ್ದಿತು. 1759ರದ್ದನ್ನೂ ಸೇರಿಸಿದರೆ ಸುಮಾರು ನೂರ ನಲವತ್ತು ವರ್ಷಗಳಲ್ಲಿ ನಾಲ್ಕು ಕಟ್ಟಡಗಳು.

ಈಗ ಎರಡನೆಯ ಭಾಗಕ್ಕೆ, ಅಂದರೆ ಕಟ್ಟಿದ ವಸ್ತುಗಳಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಅನುಮತಿ ಕೊಡಿ.

1801ರ ಆರಂಭದಲ್ಲಿ, ಅತ್ತೂರಿನವರು ಜಾಗ ಹುಡುಕುತ್ತಿದ್ದ ಆಸುಪಾಸಿನ ಕಾಲದಲ್ಲೇ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕಾರ್ಕಳದ ಮೂಲಕ ಹಾದುಹೋದ. ಮೈಸೂರು, ಕೆನರಾ, ಮಲಬಾರುಗಳ ಸ್ಥಿತಿಗತಿಯನ್ನು ವರದಿ ಮಾಡಲು ಕಂಪನಿ ಸರ್ಕಾರ ಅವನನ್ನು ಕಳಿಸಿತ್ತು. ಗೊಮ್ಮಟನನ್ನು ಅವನು ಕಂಡ, ಬರೆದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥವೇ ನಮ್ಮ ಕರಾವಳಿಯ ಮುರಕಲ್ಲನ್ನು ಭೂವಿಜ್ಞಾನದ ಲೋಕಕ್ಕೆ ಪರಿಚಯಿಸಿತು. ಗಣಿಯಲ್ಲಿದ್ದಾಗ ಕೊಡಲಿಯಂಥ ಹತಾರದಿಂದ ಕಡಿಯುವಷ್ಟು ಮೆದು, ಹೊರಗೆ ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿ – ಅವನನ್ನು ಬೆರಗುಗೊಳಿಸಿದ ಗುಣ ಇದು. ನಮ್ಮ ಕಲ್ಲುಕುಟಿಗರಿಗೆ ಅದು ತಲೆತಲಾಂತರದ ತಿಳಿವಳಿಕೆ.

ಕರಾವಳಿಯ ಇಗರ್ಜಿಯ ರೂಪವನ್ನು ಅರ್ಥ ಮಾಡಿಕೊಳ್ಳಲು ಮೊದಲು ಈ ಕಲ್ಲನ್ನು ಅರ್ಥ ಮಾಡಿಕೊಳ್ಳಬೇಕು. ಕಾರ್ಕಳದಲ್ಲಿ ಎರಡು ಬಗೆಯ ಕಲ್ಲಿದೆ. ಒಂದು ಗೊಮ್ಮಟನನ್ನೂ ಚತುರ್ಮುಖ ಬಸದಿಯನ್ನೂ ಕೊಟ್ಟ ಗಟ್ಟಿ ಕಪ್ಪು ಶಿಲೆ. ಅದರಲ್ಲಿ ಸೂಕ್ಷ್ಮ ಕೆತ್ತನೆ ಸಾಧ್ಯ, ಕಂಬ ನಿಲ್ಲಿಸಬಹುದು, ಚಪ್ಪಡಿ ಹಾಸಿ ಮಾಡು ಮಾಡಬಹುದು. ಆದರೆ ಅದಕ್ಕೆ ಅರಸರ ಬೊಕ್ಕಸ ಬೇಕು. ಇನ್ನೊಂದು ರಂಧ್ರಗಳಿಂದ ತುಂಬಿದ ಕೆಂಪು ಮುರಕಲ್ಲು. ಅದರಲ್ಲಿ ನವಿರಾದ ಕೆತ್ತನೆ ನಿಲ್ಲದು. ಆದರೆ ಅದು ಎಲ್ಲ ಗುಡ್ಡದಲ್ಲೂ ಸಿಗುತ್ತದೆ, ಊರಿನವರೇ ಕಡಿದು ಸಾಗಿಸಬಹುದು. ಸೆರೆಯಿಂದ ಬರಿಗೈಯಲ್ಲಿ ಮರಳಿದ ಒಕ್ಕಲುಗಳು ಮಣ್ಣಿನ ಗೋಡೆಯಿಂದ ಮೇಲೇರಿ ಮುಟ್ಟಬಹುದಾಗಿದ್ದ ಕಲ್ಲು ಇದೇ.

ಮುರಕಲ್ಲಿನಲ್ಲಿ ಕೆತ್ತಲಾಗದ ಅಲಂಕಾರವನ್ನು ಗಾರೆಯಲ್ಲಿ ಮೂಡಿಸಬೇಕಾಗುತ್ತದೆ. ನದಿಮುಖದ ಮರುವಾಯಿ ಚಿಪ್ಪುಗಳನ್ನು ಸುಟ್ಟ ಸುಣ್ಣ, ಮರಳು, ಬೆಲ್ಲದ ನೀರು ಸೇರಿದ ಗಾರೆ ಕಲ್ಲಿನ ರಂಧ್ರಗಳೊಳಗೆ ಹೊಕ್ಕು ಹಿಡಿಯುತ್ತದೆ. ಗೋವಾದ ಇಗರ್ಜಿಗಳಲ್ಲಿ ಯುರೋಪಿನ ಬರೋಕ್ ಶೈಲಿಯ ಸುರುಳಿ, ಅರೆಗಂಬ, ಕಮಾನು, ಕಲಶದಂಥ ಶಿಖೆಗಳು ಹೀಗೆ ಗಾರೆಯಲ್ಲಿ ಮೈತಳೆದವು. ಅಲ್ಲಿಂದ ಬಂದ ಪಾದ್ರಿಗಳ, ಮೇಸ್ತ್ರಿಗಳ ನೆನಪಿನ ಜೊತೆ ಅವು ದಕ್ಷಿಣಕ್ಕೂ ಇಳಿದವು. ಮುಂಗೋಡೆ ಬಿಳಿಯಾಗಿ ಹೊಳೆಯುವುದಕ್ಕೂ ಇದೇ ಕಾರಣ. ಸುಣ್ಣ ಬಳಿಯದೆ ಬಿಟ್ಟರೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಸುರಿಯುವ ಈ ಸೀಮೆಯ ಮಳೆಗೆ ಗೋಡೆ ಪಾಚಿ ಕಟ್ಟುತ್ತದೆ. ಪ್ರತಿ ಮಳೆಗಾಲದ ನಂತರ, ಹಬ್ಬಕ್ಕೆ ಮೊದಲು ಇಗರ್ಜಿಗೆ ಸುಣ್ಣ ಹೊಡೆಯುವುದು ಊರಿನ ಕೆಲಸವಾಗಿತ್ತು.

ಇನ್ನು ಮಾಡು. ಒಂದು ಇಗರ್ಜಿಯ ಗಾತ್ರ ಎಷ್ಟು ದೊಡ್ಡದಾಗಬಹುದು ಎಂಬುದನ್ನು ಅದರ ಮಾಡು ನಿರ್ಧರಿಸುತ್ತದೆ. ಮುಳಿಹುಲ್ಲಿನ ಮಾಡಿಗೆ ಮಿತಿಯಿದೆ. ವರ್ಷ ವರ್ಷ ಹೊದಿಸಬೇಕು, ಬೆಂಕಿಗೆ ಅಂಜಬೇಕು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಬಾಸೆಲ್ ಮಿಷನ್ನಿನ ಕುಶಲಿ ಮಂಗಳೂರಿನ ಜೆಪ್ಪುವಿನಲ್ಲಿ ಯಂತ್ರದ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ನಿರ್ಮಾಣವೇ ಬದಲಾಯಿತು. ಆಮೇಲೆ ಮಲ್ಪೆಯಲ್ಲೂ ಹೆಂಚು ಸುಡತೊಡಗಿದರು. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹಗುರ ಹೆಂಚು, ಅದನ್ನು ಹೊರುವ ಮರದ ತ್ರಿಕೋನ ಕತ್ತರಿಗಳು – ಇವೆರಡೂ ಕೂಡಿ ನಡುವೆ ಒಂದೂ ಕಂಬವಿಲ್ಲದ ವಿಶಾಲ ಸಾಲೆಯನ್ನು ಹಳ್ಳಿಯ ಕೈಗೆಟುಕಿಸಿದವು. ಪ್ರೊಟೆಸ್ಟಂಟ್ ಮಿಷನ್ನಿನ ಹೆಂಚು ಕಥೊಲಿಕ ಇಗರ್ಜಿಗಳನ್ನೂ ದೇವಸ್ಥಾನದ ಗೋಪುರಗಳನ್ನೂ ಮಸೀದಿಗಳನ್ನೂ ಒಂದೇ ಬಣ್ಣದಲ್ಲಿ ಹೊದಿಸಿತು. 1839ರ ಕಟ್ಟಡಕ್ಕೂ 1900ರ ಆಸುಪಾಸಿನ ಕಟ್ಟಡಕ್ಕೂ ನಡುವೆ ಅತ್ತೂರಿನಲ್ಲಿ ಭಕ್ತರ ಸಂಖ್ಯೆ ಬೆಳೆದದ್ದು ನಿಜ. ಆದರೆ ಆ ಬೆಳವಣಿಗೆಯನ್ನು ಒಂದೇ ಮಾಡಿನ ಕೆಳಗೆ ಹಿಡಿದಿಡುವ ತಂತ್ರವೂ ಅದೇ ಅವಧಿಯಲ್ಲಿ ಬಂತು ಎಂಬುದನ್ನು ಮರೆಯಬಾರದು.

ಇಲ್ಲಿಂದ ಒಳಗೆ ಹೆಜ್ಜೆಯಿಡೋಣ.

ಕಾರ್ಕಳದ ಚತುರ್ಮುಖ ಬಸದಿಯನ್ನು ನೀವೆಲ್ಲ ನೋಡಿದ್ದೀರಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಪ್ರತಿ ದಿಕ್ಕಿಗೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಮೂರ್ತಿಗಳು, ಸುತ್ತಲೂ ಕಂಬಗಳ ಸಾಲು. ಆ ಕಟ್ಟಡ ಭಕ್ತನನ್ನು ಸುತ್ತು ಬರಲು ಕರೆಯುತ್ತದೆ. ದೇವಸ್ಥಾನದ ಗರ್ಭಗುಡಿಯೂ ಹಾಗೆಯೇ, ಪೂಜೆ ಒಳಗೆ, ಪ್ರದಕ್ಷಿಣೆ ಹೊರಗೆ. ಇಗರ್ಜಿಯ ಅಗತ್ಯವೇ ಬೇರೆ. ಅಲ್ಲಿ ಇಡೀ ಸಭೆ ಒಂದೇ ಹೊತ್ತಿಗೆ ಒಳಗೆ ಕೂಡಬೇಕು, ಒಂದೇ ದಿಕ್ಕಿಗೆ ಮುಖ ಮಾಡಬೇಕು, ಗುರುಗಳ ಸ್ವರ ಕೊನೆಯ ಸಾಲಿಗೂ ಕೇಳಬೇಕು. ಆದ್ದರಿಂದ ಉದ್ದನೆಯ ನಡುಸಾಲೆ, ಅದರ ತುದಿಯಲ್ಲಿ ದೊಡ್ಡ ಕಮಾನು, ಕಮಾನಿನಾಚೆ ಎತ್ತರಿಸಿದ ಗರ್ಭಾಂಗಣ, ಅಲ್ಲಿ ಅಲ್ತಾರ್, ಇಕ್ಕೆಲದಲ್ಲಿ ಕಿರಿಯ ಅಲ್ತಾರ್‌ಗಳು. ಪ್ರವೇಶದ್ವಾರದ ಮೇಲೆ ಗಾಯನಮಂಡಳಿಯ ಅಟ್ಟ. ಇವು ಕರಾವಳಿಯ ಹಳೆಯ ಇಗರ್ಜಿಗಳ ಸಾಮಾನ್ಯ ಲಕ್ಷಣಗಳು.

ಇದಕ್ಕೆ ನಮ್ಮ ಹವೆ ಸೇರಿಸಿದ್ದು ಬದಿಯ ಜಗಲಿ. ಯುರೋಪಿನ ಇಗರ್ಜಿಯಲ್ಲಿ ಗೋಡೆ ನೇರ ಹೊರಗಿನ ಚಳಿಯನ್ನು ಎದುರಿಸುತ್ತದೆ. ನಮ್ಮಲ್ಲಿ ಗೋಡೆಗೆ ಮಳೆ ಬಡಿಯದಂತೆ ಮಾಡನ್ನು ಇಳಿಸಿ, ಕಂಬ ಕೊಟ್ಟು, ಉದ್ದಕ್ಕೂ ಜಗಲಿ ಮಾಡಿದರು. ಬದಿಯ ಬಾಗಿಲುಗಳೆಲ್ಲ ಅದಕ್ಕೆ ತೆರೆಯುತ್ತವೆ. ಕೂಸು ಅತ್ತರೆ ತಾಯಿ ಅಲ್ಲಿಗೆ ಬರಬಹುದು, ಒಳಗೆ ಜಾಗ ಸಾಲದಾದರೆ ಅಲ್ಲಿ ನಿಂತು ಬಲಿಪೂಜೆ ಕೇಳಬಹುದು, ಕೊಡೆ ಮಡಚಿಡಬಹುದು. ನಮ್ಮ ಗುತ್ತಿನ ಮನೆಗಳ ಜಗಲಿಗೂ ಇದಕ್ಕೂ ರಕ್ತಸಂಬಂಧವಿದೆ. ಮುಂಗೋಡೆಯನ್ನು ಮಾತ್ರ ನೋಡಿ ಇಗರ್ಜಿಗಳನ್ನು ಪೋರ್ತುಗೀಸ್ ಶೈಲಿ ಎಂದು ಕರೆದು ಮುಗಿಸುವವರಿಗೆ ನನ್ನ ವಿನಂತಿ: ದಯವಿಟ್ಟು ಬದಿಗೆ ಬನ್ನಿ, ಜಗಲಿಯನ್ನು ನೋಡಿ.

ಒಳಾಂಗಣದ ಬಗ್ಗೆ ಇನ್ನೊಂದು ಮಾತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಸುಧಾರಣೆಗಳ ಮೊದಲು ಬಲಿಪೂಜೆ ಲ್ಯಾಟಿನ್ನಿನಲ್ಲಿತ್ತು, ಗುರುಗಳು ಜನರೊಡನೆ ಅಲ್ತಾರಿನತ್ತಲೇ ಮುಖ ಮಾಡಿ ಅರ್ಪಿಸುತ್ತಿದ್ದರು. ಹಾಗಾಗಿ ಅಲ್ತಾರ್ ಹಿಂಗೋಡೆಗೆ ತಾಗಿತ್ತು. ಅದರ ಮೇಲೆ ಸಂತರ ಗೂಡುಗಳು ಮಜಲು ಮಜಲಾಗಿ ಏರುತ್ತಿದ್ದವು. ಸುಧಾರಣೆಯ ನಂತರ ಗುರುಗಳು ಜನರತ್ತ ತಿರುಗಿದರು, ಪೂಜೆ ಕೊಂಕಣಿಗೆ, ಕನ್ನಡಕ್ಕೆ ಬಂತು. ಹಿಂಗೋಡೆಯ ಅಲ್ತಾರಿನ ಮುಂದೆ ಹೊಸ ಬಲಿಪೀಠ ಬಂತು. ಧರ್ಮದೃಷ್ಟಿಯಿಂದ ಇದು ಜನರನ್ನು ಹತ್ತಿರ ತಂದ ದೊಡ್ಡ ಹೆಜ್ಜೆ. ಆದರೆ ಅದರ ಉತ್ಸಾಹದಲ್ಲಿ ಎಷ್ಟೋ ಕಡೆ ಹಳೆಯ ಮರದ ಅಲ್ತಾರ್‌ಗಳನ್ನು, ಪ್ರವಚನದ ಎತ್ತರದ ಪೀಠಗಳನ್ನು ತೆಗೆದುಹಾಕಿದರು. ಸುಧಾರಣೆ ಅದನ್ನು ಕೇಳಿರಲಿಲ್ಲ. ಕೆತ್ತಿದ ಕೈಗಳು ಹೋದವು, ಕೆತ್ತಿದ್ದೂ ಹೋಯಿತು. ಇದು ನನಗೆ ನೋವಿನ ವಿಷಯ.

ಈಗ ಉಪನ್ಯಾಸದ ಮುಖ್ಯ ಭಾಗಕ್ಕೆ, ಹೊರಗಿನ ಅಂಗಳಕ್ಕೆ ಬರೋಣ.

ಅಂಗಳದ ಪಾತ್ರ ತಿಳಿಯಲು ಮೊದಲು ಸಂತನನ್ನೂ ಅವನ ಹಬ್ಬದ ಕಾಲವನ್ನೂ ನೋಡಬೇಕು. ಲಾರೆನ್ಸ್ ಮೂರನೆಯ ಶತಮಾನದ ರೋಮಿನ ಧರ್ಮಸಭೆಯ ಸೇವಕ, ಬಡವರಿಗೆ ದಾನ ಹಂಚುವ ಹೊಣೆ ಹೊತ್ತವನು. ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 258ರಲ್ಲಿ ಹುತಾತ್ಮನಾದ. ಧರ್ಮಸಭೆಯ ಸಂಪತ್ತನ್ನು ಒಪ್ಪಿಸು ಎಂದಾಗ ಬಡವರನ್ನೂ ಅಂಗವಿಕಲರನ್ನೂ ಕರೆತಂದು ನಿಲ್ಲಿಸಿದನೆಂಬ ಕಥೆ ಪ್ರಸಿದ್ಧ. ಅವನ ಸ್ಮರಣೆಯ ದಿನ ಆಗಸ್ಟ್ 10. ಕರಾವಳಿಯಲ್ಲಿ ಅದು ಆಟಿಯ ಮಳೆಗಾಲ. ಅತ್ತೂರಿನ ದೊಡ್ಡ ಹಬ್ಬ ನಡೆಯುವುದು ಜನವರಿಯ ಕೊನೆಯ ಭಾಗದಲ್ಲಿ, ಐದು ದಿನಗಳ ಕಾಲ. ಕೊಯ್ಲು ಮುಗಿದಿರುತ್ತದೆ, ಗದ್ದೆ ಒಣಗಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಆಕಾಶ ತಿಳಿಯಾಗಿರುತ್ತದೆ. ದೇವಸ್ಥಾನಗಳ ಜಾತ್ರೆ, ಕೋಲ, ನೇಮ, ಕಂಬಳ ನಡೆಯುವ ಋತುವೂ ಇದೇ. ತುಳುವರ ಬಾಯಲ್ಲಿ ಅದು ಅತ್ತೂರು ಸಾಂತ್‌ಮಾರಿ.

ಈ ಋತು ವಾಸ್ತುವನ್ನು ಬದಲಿಸಿತು. ಮಳೆಯ ಆಗಸ್ಟಿನಲ್ಲಿ ಹಬ್ಬ ಮಾಡುವ ಇಗರ್ಜಿಗೆ ಮಾಡೇ ಸರ್ವಸ್ವ. ಜನವರಿಯಲ್ಲಿ ಹಬ್ಬ ಮಾಡುವ ಇಗರ್ಜಿಗೆ ಅಂಗಳವೇ ಎರಡನೆಯ ಸಾಲೆ. ಅತ್ತೂರಿನಲ್ಲಿ ಆ ಐದು ದಿನ ನಡುಸಾಲೆಯಲ್ಲಿ ಕೂರುವವರಿಗಿಂತ ಹೊರಗೆ ನಿಲ್ಲುವವರು ಎಷ್ಟೋ ಪಾಲು ಹೆಚ್ಚು. ಪ್ರತಿಮೆಯ ದರ್ಶನಕ್ಕೆ ಸಾಲು, ಮೇಣದಬತ್ತಿ ಹಚ್ಚುವ ತಾಣ, ಹೂವಿನ ಹರಕೆ, ಪುಷ್ಕರಿಣಿಯ ನೀರು, ಆಚೆ ಸಂತೆಯ ಅಂಗಡಿಗಳು. ಬರುವವರು ಕ್ರೈಸ್ತರು ಮಾತ್ರವಲ್ಲ. ಹಿಂದೂಗಳು, ಜೈನರು, ಮುಸ್ಲಿಮರು ಹರಕೆ ಹೊತ್ತು ಬರುತ್ತಾರೆ. ಅವರಲ್ಲಿ ಬಹಳ ಮಂದಿ ಬಲಿಪೂಜೆಗೆ ಕೂರುವುದಿಲ್ಲ. ಅವರಿಗೆ ಇಗರ್ಜಿಯೆಂದರೆ ಸಂತರ ಪ್ರತಿಮೆ, ದೀಪ, ನೀರು. ಹಾಗೆ ನೋಡಿದರೆ ಅತ್ತೂರು ಎರಡು ಬಗೆಯ ಆರಾಧನೆಗಳನ್ನು ಒಟ್ಟಿಗೆ ಹಿಡಿದಿರುವ ಜಾಗ. ಒಳಗೆ, ಒಂದೇ ದಿಕ್ಕಿಗೆ ಮುಖ ಮಾಡಿ ಕುಳಿತ ಸಭೆ. ಹೊರಗೆ, ನಡೆಯುತ್ತಾ ನಿಲ್ಲುತ್ತಾ ಮುಟ್ಟುತ್ತಾ ಸಾಗುವ ಭಕ್ತಪ್ರವಾಹ. ಮೊದಲನೆಯದಕ್ಕೆ ನಡುಸಾಲೆ ಬೇಕು, ಎರಡನೆಯದಕ್ಕೆ ಅಂಗಳ, ದಾರಿ, ಕೆರೆಯ ಮೆಟ್ಟಿಲು ಬೇಕು.

ಪುಷ್ಕರಿಣಿಯ ಮಾತಿಗೆ ಬರುತ್ತೇನೆಂದಿದ್ದೆ. ಇಗರ್ಜಿಯ ವಿಧಿಗಳಿಗೆ ಕೆರೆ ಅನಿವಾರ್ಯವಲ್ಲ. ಜ್ಞಾನಸ್ನಾನಕ್ಕೆ ಒಂದು ಕಲ್ಲಿನ ಕುಂಡ ಸಾಕು. ಆದರೂ ಅತ್ತೂರಿನಲ್ಲಿ ಪುಷ್ಕರಿಣಿ ಪ್ರತಿಮೆಯಷ್ಟೇ ಮುಖ್ಯ. ಜನ ಆ ನೀರನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ, ಮನೆಗೆ ಒಯ್ಯುತ್ತಾರೆ. 1801ರಲ್ಲಿ ದಣಿದವರ ಬಾಯಾರಿಕೆ ತಣಿಸಿದ ಒರತೆಯನ್ನು ಮುಚ್ಚಿ ಅಂಗಳ ಅಗಲಿಸುವುದು ಸುಲಭವಿತ್ತು. ಈ ಜಾಗದಲ್ಲಿ ಎದ್ದ ಮೂರು ಕಾಲದ ಕಟ್ಟಡಗಳಲ್ಲಿ ಯಾವ ಕಾಲದವರೂ ಹಾಗೆ ಮಾಡಲಿಲ್ಲ. ಅತ್ತೂರಿನ ಅತ್ಯಂತ ಹಳೆಯ ರಚನೆ ಯಾವುದೆಂದು ನನ್ನನ್ನು ಕೇಳಿದರೆ ನಾನು ತೋರಿಸುವುದು ಗೋಡೆಯನ್ನಲ್ಲ, ಆ ನೀರನ್ನು.

ಇತ್ತೀಚಿನ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2012ರಲ್ಲಿ ಮಂಗಳೂರು ಧರ್ಮಪ್ರಾಂತದಿಂದ ಬೇರ್ಪಟ್ಟು ಉಡುಪಿ ಧರ್ಮಪ್ರಾಂತ ರಚನೆಯಾಯಿತು, ಕಲ್ಯಾಣಪುರದ ಮಿಲಾಗ್ರಿಸ್ ಅದರ ಕಥೀಡ್ರಲ್ ಆಯಿತು, ಅತ್ತೂರು ಅದರೊಳಗೆ ಬಂತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅತ್ತೂರಿಗೆ ಕಿರಿಯ ಬಸಿಲಿಕದ ಪದವಿ ಕೊಟ್ಟರು. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿಯ ಬಸಿಲಿಕದ ನಂತರ ರಾಜ್ಯಕ್ಕೆ ಇದು ಎರಡನೆಯದು. ಬಸಿಲಿಕದ ಗುರುತುಗಳಾಗಿ ಪಟ್ಟೆಪಟ್ಟೆಯ ರೇಷ್ಮೆ ಛತ್ರಿ, ಕಂಬಕ್ಕೆ ಕಟ್ಟಿದ ಪುಟ್ಟ ಗಂಟೆ, ಅಡ್ಡ ಇಟ್ಟ ಎರಡು ಕೀಲಿಕೈಗಳ ಲಾಂಛನ ಇರುತ್ತವೆ. ಒಂದು ಹಳ್ಳಿಯ ಇಗರ್ಜಿಗೆ ಈ ಗೌರವ ದಕ್ಕಿದ್ದು ಕಟ್ಟಡದ ವೈಭವಕ್ಕಲ್ಲ, ಅಲ್ಲಿಗೆ ಬರುವ ಜನರ ಭಕ್ತಿಗೆ.

ಕೊನೆಯದಾಗಿ, ಈ ವೇದಿಕೆಯಿಂದ ಒಂದು ಕೋರಿಕೆ. ಉಡುಪಿ, ಕಾಪು, ಕಾರ್ಕಳಗಳ ಉದ್ದಕ್ಕೂ ಹಳೆಯ ಇಗರ್ಜಿಗಳು ಕಾಂಕ್ರೀಟಿಗೆ ಜಾಗ ಬಿಡುತ್ತಿವೆ. ಸಂಸಾರಗಳು ಬೆಳೆದಿವೆ, ಜಾಗ ಸಾಲದು. ಹೊಸದು ಕಟ್ಟುವುದು ಆಯಾ ಊರಿನವರ ಹಕ್ಕು. ಅತ್ತೂರಿನ ಚರಿತ್ರೆಯೇ ಮರುನಿರ್ಮಾಣದ ಚರಿತ್ರೆ. ಆದರೆ 1801ರ ಮಣ್ಣಿನ ಗೋಡೆ ಎಷ್ಟು ದಪ್ಪವಿತ್ತು, 1839ರಲ್ಲಿ ಕಲ್ಲು ಕಡಿದವರು ಯಾರು, ಹೆಂಚಿನ ಮಾಡಿನ ಕತ್ತರಿಗಳನ್ನು ಜೋಡಿಸಿದ ಆಚಾರಿಗಳು ಯಾವ ಊರಿನವರು – ಇಂಥವನ್ನು ಬರೆದಿಡುವ ಅಭ್ಯಾಸ ನಮ್ಮಲ್ಲಿ ಬೆಳೆಯಲಿಲ್ಲ. ದಾನಿಗಳ ಹೆಸರು ಅಮೃತಶಿಲೆಯಲ್ಲಿ ಉಳಿಯುತ್ತದೆ, ಮೇಸ್ತ್ರಿಯ ಹೆಸರು ಎಲ್ಲೂ ಉಳಿಯುವುದಿಲ್ಲ. ಕರಾವಳಿಯ ಹಿರಿಯರನ್ನು ಕೇಳಿದರೆ ಭಾನುವಾರದ ಪೂಜೆ ಮುಗಿದ ಮೇಲೆ ವಾಡೊ ಎಂಬ ಊರಭಾಗಗಳಿಂದ ಬಂದವರು, ಆಯಾ ವಾಡೊದ ಮುಖಂಡರಾದ ಗುರ್ಕಾರರ ಮೇಲ್ವಿಚಾರಣೆಯಲ್ಲಿ, ಗಂಡು ಹೆಣ್ಣೆನ್ನದೆ ಕಲ್ಲು ಮರಳು ಹೊತ್ತ ಕಥೆ ಹೇಳುತ್ತಾರೆ. ಆ ಹಿರಿಯರ ಸಂಖ್ಯೆ ವರ್ಷ ವರ್ಷ ಇಳಿಯುತ್ತಿದೆ.

ಮಣಿಪಾಲದಲ್ಲಿ ವಾಸ್ತುಶಿಲ್ಪ ಕಲಿಸುವ ಸಂಸ್ಥೆಯಿದೆ, ನಿಟ್ಟೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ, ಇಗರ್ಜಿಗಳ ಕಚೇರಿಗಳಲ್ಲಿ ಜ್ಞಾನಸ್ನಾನ, ಮದುವೆ, ಮರಣಗಳ ದಫ್ತರಗಳ ಜೊತೆ ಹಳೆಯ ಲೆಕ್ಕದ ಪುಸ್ತಕಗಳೂ ಇವೆ. ಇವರೆಲ್ಲ ಒಂದೆಡೆ ಕೂಡಿದರೆ ಒಂದೊಂದು ಇಗರ್ಜಿಯ ಅಳತೆಯ ನಕ್ಷೆ, ಛಾಯಾಚಿತ್ರ, ಮೌಖಿಕ ಚರಿತ್ರೆ ಸಿದ್ಧವಾಗುತ್ತದೆ. ಈ ದತ್ತಿಯ ಮುಂದಿನ ವರ್ಷಗಳ ಆದಾಯದಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಡುವಂತೆ ಸಭೆಯ ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ. ಕೆಲಸವನ್ನು ಅತ್ತೂರು, ಕಲ್ಯಾಣಪುರ, ಶಿರ್ವಗಳಿಂದ ಆರಂಭಿಸಬಹುದು. ಮಳೆ ಹಿಡಿಯುವ ಮುನ್ನ, ಏಣಿ ಹಾಕಿ ಮಾಡಿನ ಮರಗಳನ್ನು ಅಳೆಯಬಹುದಾದ ತಿಂಗಳುಗಳಲ್ಲಿ ಆರಂಭಿಸುವುದು ಒಳ್ಳೆಯದು.